ಜೀನ್ ಸರಿಯಿದ್ದರೂ ರಕ್ತ ಕ್ಯಾನ್ಸರ್: ಎಪಿಜೆನೆಟಿಕ್ಸ್ ಬಗ್ಗೆ ನಾಲ್ಕು ತಪ್ಪು ಕಲ್ಪನೆಗಳು

ಚರ್ಮದ ಕೋಶದಲ್ಲೂ ಅಸ್ಥಿಮಜ್ಜೆಯ ಕೋಶದಲ್ಲೂ ಇರುವುದು ಒಂದೇ ಡಿಎನ್‌ಎ. ಆದರೆ ರಕ್ತ ತಯಾರಾಗುವುದು ಮಜ್ಜೆಯಲ್ಲಿ ಮಾತ್ರ. ಯಾವ ಜೀನ್ ಎಲ್ಲಿ ಕೆಲಸ ಮಾಡಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಡಿಎನ್‌ಎಗೆ ಅಂಟುವ ಮೀಥೈಲ್‌ನಂಥ ರಾಸಾಯನಿಕ ಗುರುತುಗಳು ನಿಯಂತ್ರಿಸುತ್ತವೆ. ಇವೇ ಎಪಿಜೆನೆಟಿಕ್ ಗುರುತುಗಳು.

ತಪ್ಪು ಕಲ್ಪನೆ 1: ಜೀನ್ ಕೆಟ್ಟರೆ ಮಾತ್ರ ಕ್ಯಾನ್ಸರ್.
ಸತ್ಯ: ಪಿ15 ಎಂಬ ಜೀನ್ ಕೋಶ ವಿಭಜನೆಗೆ ಕಡಿವಾಣ ಹಾಕುತ್ತದೆ. ರಕ್ತಕಣಗಳು ಸರಿಯಾಗಿ ಬಲಿಯದ ಎಂಡಿಎಸ್ ಎಂಬ ರಕ್ತ ಕ್ಯಾನ್ಸರ್‌ನಲ್ಲಿ ಹಲವರಿಗೆ ಈ ಜೀನ್ ಕೆಟ್ಟಿರುವುದಿಲ್ಲ; ಅದರ ಆರಂಭದ ಭಾಗಕ್ಕೆ ಮೀಥೈಲ್ ಒತ್ತಾಗಿ ಅಂಟಿ ಕೆಲಸ ನಿಂತಿರುತ್ತದೆ. ಮೀಥೈಲ್ ಅಂಟಿಸುವ ಡಿಎನ್‌ಎಂಟಿ3ಎ, ಅದನ್ನು ತೆಗೆಯಲು ನೆರವಾಗುವ ಟೆಟ್2 ಜೀನ್‌ಗಳಲ್ಲೇ ದೋಷ ಕಾಣುವುದೂ ಸಾಮಾನ್ಯ.

ತಪ್ಪು ಕಲ್ಪನೆ 2: ಈ ದೋಷ ಕಂಡರೆ ಕ್ಯಾನ್ಸರ್ ಖಚಿತ, ಮಕ್ಕಳಿಗೂ ಬರುತ್ತದೆ.
ಸತ್ಯ: 70 ದಾಟಿದವರಲ್ಲಿ ಸುಮಾರು ಶೇ 10ರಷ್ಟು ಮಂದಿಯ ರಕ್ತದಲ್ಲಿ ಇಂಥ ದೋಷಗಳಿರುತ್ತವೆ. ಅವರಲ್ಲಿ ವರ್ಷಕ್ಕೆ ರಕ್ತ ಕ್ಯಾನ್ಸರ್‌ಗೆ ತುತ್ತಾಗುವವರು ಶೇ 0.5ರಿಂದ 1 ಮಾತ್ರ. ಈ ದೋಷಗಳು ಬಹುಪಾಲು ವಯಸ್ಸಾದಂತೆ ಮಜ್ಜೆಯಲ್ಲಿ ಹುಟ್ಟಿಕೊಂಡವು. ಅಂಥವು ಮಕ್ಕಳಿಗೆ ದಾಟುವುದಿಲ್ಲ.

ತಪ್ಪು ಕಲ್ಪನೆ 3: ಗುರುತು ಅಳಿಸಬಹುದು ಎಂದ ಮೇಲೆ ಪಥ್ಯ, ವಿಟಮಿನ್ ಸಾಕು.
ಸತ್ಯ: ಅಳಿಸಬಹುದು ಎಂಬುದು ನಿಜ. ಟೆಟ್2 ಕಿಣ್ವದ ಕೆಲಸಕ್ಕೆ ವಿಟಮಿನ್ ಸಿ ನೆರವಾಗುವುದೂ ಪ್ರಯೋಗಾಲಯದಲ್ಲಿ ಕಂಡಿದೆ. ಆದರೆ ನೆಲ್ಲಿಕಾಯಿ ತಿಂದರೆ ಲ್ಯುಕೇಮಿಯಾ ವಾಸಿಯಾಗುತ್ತದೆ ಎನ್ನಲು ಆಧಾರವಿಲ್ಲ.

ತಪ್ಪು ಕಲ್ಪನೆ 4: ಒಂದೆರಡು ತಿಂಗಳಲ್ಲಿ ಗುಣ ಕಾಣದಿದ್ದರೆ ಔಷಧ ವ್ಯರ್ಥ.
ಸತ್ಯ: ಎಂಡಿಎಸ್‌ಗೆ ಅಮೆರಿಕದಲ್ಲಿ 2004ರಲ್ಲಿ ಒಪ್ಪಿಗೆ ಪಡೆದ ಅಜಾಸಿಟಿಡಿನ್ ಎಂಬ ಔಷಧ ಹೊಸ ಡಿಎನ್‌ಎಯೊಳಗೆ ಸೇರಿಕೊಂಡು, ಮೀಥೈಲ್ ಅಂಟಿಸುವ ಕಿಣ್ವವನ್ನು ಹಿಡಿದಿಡುತ್ತದೆ. ಕೋಶ ಒಡೆದು ಎರಡಾದಾಗಲೆಲ್ಲ ಗುರುತು ಕಡಿಮೆಯಾಗುತ್ತ ಹೋಗುತ್ತದೆ. ಗುಣ ನಿಧಾನವಾಗಿ ಕಾಣಲು ಇದೂ ಕಾರಣ. ಸಾಮಾನ್ಯವಾಗಿ 28 ದಿನಗಳಿಗೊಮ್ಮೆ 7 ದಿನ ಇಂಜೆಕ್ಷನ್. ಶುರುವಿನಲ್ಲಿ ರಕ್ತಕಣಗಳ ಸಂಖ್ಯೆ ಇನ್ನಷ್ಟು ಕುಸಿಯಬಹುದು. ಫಲ ಕಾಣಲು ಹಲವರಿಗೆ ನಾಲ್ಕರಿಂದ ಆರು ಸುತ್ತು ಬೇಕು. ಎಲ್ಲರಿಗೂ ಇದು ಫಲಿಸುವುದಿಲ್ಲ, ಫಲಿಸಿದವರಲ್ಲೂ ಕಾಯಿಲೆ ಮರಳಬಹುದು.

ಆದ್ದರಿಂದ ಎರಡನೇ ತಿಂಗಳ ರಿಪೋರ್ಟ್ ನೋಡಿ ಕಂಗೆಟ್ಟು ಚಿಕಿತ್ಸೆ ಬಿಡಬೇಡಿ. ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂಬುದನ್ನು ರಕ್ತರೋಗ ತಜ್ಞರೇ ಹೇಳಲಿ. ಈ ಅವಧಿಯಲ್ಲಿ ಜ್ವರ ಬಂದರೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.