ಯೀಸ್ಟ್ ಸೋಂಕು ಮತ್ತು ಪ್ರಿಬಯೋಟಿಕ್ ಪುಡಿ: ಗುಣವೆಷ್ಟು, ದೋಷವೆಷ್ಟು?

ವಿವಾಹಿತ ಸ್ತ್ರೀಯರನ್ನು ಕಾಡುವ, ಆದರೆ ಬಾಯಿಬಿಟ್ಟು ಹೇಳಿಕೊಳ್ಳಲಾಗದ ತೊಂದರೆಗಳಲ್ಲಿ ಬಿಳಿ ಸೆರಗು ಮತ್ತು ಗುಪ್ತಾಂಗದ ತುರಿಕೆ ಮುಖ್ಯವಾದವು. ಇದಕ್ಕೆ ಸಾಮಾನ್ಯ ಕಾರಣಗಳಲ್ಲೊಂದು ಯೀಸ್ಟ್ ಸೋಂಕು. ನಾಲ್ವರು ಸ್ತ್ರೀಯರಲ್ಲಿ ಸುಮಾರು ಮೂವರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಈ ಸೋಂಕು ತಗಲುತ್ತದೆಂದು ಅಂದಾಜು ಮಾಡಲಾಗಿದೆ. ಆದುದರಿಂದ ಇದು ನಾಚಿಕೆಪಡಬೇಕಾದ ವಿಷಯವೂ ಅಲ್ಲ, ಒಬ್ಬಳದೇ ದುರದೃಷ್ಟವೂ ಅಲ್ಲ.

ಈಚಿನ ವರ್ಷಗಳಲ್ಲಿ ಈ ತೊಂದರೆಗೆ 'ಪ್ರಿಬಯೋಟಿಕ್' ಎಂಬ ಪುಡಿ ಮತ್ತು ಮಾತ್ರೆಗಳನ್ನು ಕೊಳ್ಳುವ ರೂಢಿ ಬೆಳೆಯುತ್ತಿದೆ. ಈ ಪುಡಿ ಯೀಸ್ಟನ್ನು ಬೇರುಸಹಿತ ಕಿತ್ತುಹಾಕುತ್ತದೆ ಎಂದು ಕೆಲವರು ಹೇಳುತ್ತಾರೆ. ಅದು ಯೀಸ್ಟಿಗೇ ಆಹಾರವಾಗಿ ರೋಗವನ್ನು ಉಲ್ಬಣಗೊಳಿಸುತ್ತದೆ ಎಂದು ಮತ್ತೆ ಕೆಲವರು ಹೆದರಿಸುತ್ತಾರೆ. ಇವೆರಡೂ ಪೂರ್ಣ ಸತ್ಯವಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ದಂಪತಿಗಳು ದುಡಿದ ಹಣವನ್ನು ವ್ಯರ್ಥಮಾಡದೆ, ಸಕಾಲದಲ್ಲಿ ಯೋಗ್ಯ ಚಿಕಿತ್ಸೆ ಪಡೆಯಲೆಂದು ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಯೀಸ್ಟ್ ಎಂದರೇನು?

ಯೀಸ್ಟ್ ಕಣ್ಣಿಗೆ ಕಾಣದ ಒಂದು ಬಗೆಯ ಶಿಲೀಂಧ್ರ. ಪಾವ್ ಮತ್ತು ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವುದು ಇದರದೇ ಜಾತಿ. ರೋಗ ತರುವ ಯೀಸ್ಟಿಗೆ 'ಕ್ಯಾಂಡಿಡಾ' ಎಂದು ಹೆಸರು. ಆರೋಗ್ಯವಂತರ ಬಾಯಿ, ಕರುಳು ಮತ್ತು ಯೋನಿಮಾರ್ಗದಲ್ಲಿಯೂ ಇದು ಅಲ್ಪ ಪ್ರಮಾಣದಲ್ಲಿ ವಾಸಿಸುತ್ತದೆ. ಅದರೊಂದಿಗೆ ಉಪಕಾರಿ ಸೂಕ್ಷ್ಮಜೀವಿಗಳೂ ಇರುತ್ತವೆ. ಯೋನಿಮಾರ್ಗದ ಉಪಕಾರಿ ಜೀವಿಗಳು ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸಿ ಅನೇಕ ಸೋಂಕುಗಳನ್ನು ತಡೆಯುತ್ತವೆ. ಹಾಲನ್ನು ಮೊಸರು ಮಾಡುವ ಆಮ್ಲವೂ ಇದೇ. ಈ ಸಮತೋಲನ ಕೆಟ್ಟಾಗ ಯೀಸ್ಟ್ ಮಿತಿಮೀರಿ ಬೆಳೆದು ರೋಗವಾಗುತ್ತದೆ.

ಅದು ಮಿತಿಮೀರಲು ಮುಖ್ಯ ಕಾರಣಗಳು ಇವು: ಹತೋಟಿಯಲ್ಲಿರದ ಸಕ್ಕರೆ ಕಾಯಿಲೆ, ವೈದ್ಯರ ಸಲಹೆಯಿಲ್ಲದೆ ಆ್ಯಂಟಿಬಯೋಟಿಕ್ ಮಾತ್ರೆಗಳನ್ನು ಪದೇ ಪದೇ ನುಂಗುವುದು, ಗರ್ಭಾವಸ್ಥೆ, ಸ್ಟೀರಾಯ್ಡ್ ಔಷಧಿಗಳು, ಎಚ್‌ಐವಿ ಮೊದಲಾದ ಕಾರಣಗಳಿಂದ ರೋಗನಿರೋಧಕ ಶಕ್ತಿ ಕುಂದುವುದು. ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಕೆಲವು ಹೊಸ ಮಧುಮೇಹದ ಮಾತ್ರೆಗಳಿಂದಲೂ ಈ ಸೋಂಕು ಬರಬಹುದು. ಆದರೆ ಅವನ್ನು ತಾವಾಗಿಯೇ ನಿಲ್ಲಿಸಕೂಡದು; ವೈದ್ಯರಿಗೆ ತಿಳಿಸಬೇಕು.

ಲಕ್ಷಣಗಳು

ತೀವ್ರ ತುರಿಕೆ, ಉರಿ, ಕೆಂಪಾಗುವಿಕೆ, ಒಡೆದ ಹಾಲಿನಂತೆ ಗಡ್ಡೆಗಡ್ಡೆಯಾದ ಬಿಳಿ ಸ್ರಾವ, ಮೂತ್ರ ವಿಸರ್ಜನೆ ಮತ್ತು ಸಮಾಗಮದ ವೇಳೆ ನೋವು, ಇವು ಯೀಸ್ಟ್ ಸೋಂಕಿನ ಗುರುತುಗಳು. ಸಾಮಾನ್ಯವಾಗಿ ದುರ್ವಾಸನೆ ಇರುವುದಿಲ್ಲ.

ಎಲ್ಲ ಬಿಳಿ ಸೆರಗೂ ಯೀಸ್ಟಿನಿಂದ ಬಂದುದಲ್ಲ. ತುರಿಕೆ, ವಾಸನೆಗಳಿಲ್ಲದ ತೆಳುವಾದ ಸ್ರಾವ ಸಹಜವಾದುದು. ಮೀನಿನಂಥ ವಾಸನೆ, ಹಳದಿ ಅಥವಾ ಹಸಿರು ಬಣ್ಣದ ನೊರೆ ಸ್ರಾವ ಇದ್ದರೆ ಬೇರೆ ಸೋಂಕಿನ ಶಂಕೆಯುಂಟು. ರಕ್ತಮಿಶ್ರಿತ ಸ್ರಾವ, ಸಮಾಗಮದ ನಂತರ ರಕ್ತ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಇದೆಯೇ ಎಂದು ಕೂಡಲೇ ಪರೀಕ್ಷಿಸಿಕೊಳ್ಳಬೇಕು. ಪುಡಿಯನ್ನು ನುಂಗುತ್ತಾ ತಿಂಗಳುಗಟ್ಟಲೆ ಕಳೆಯುವುದರ ನಿಜವಾದ ಅಪಾಯ ಇಲ್ಲಿದೆ. ಪುಡಿಯಿಂದಾಗುವ ಹಾನಿಗಿಂತ, ಕಾಯುತ್ತಾ ಕಳೆದುಕೊಳ್ಳುವ ಕಾಲದ ಹಾನಿಯೇ ದೊಡ್ಡದು.

ಪ್ರಿಬಯೋಟಿಕ್ ಎಂದರೇನು?

1995ರಲ್ಲಿ ವಿಜ್ಞಾನಿಗಳಾದ ಗಿಬ್ಸನ್ ಮತ್ತು ರೋಬರ್‌ಫ್ರಾಯ್ಡ್ ಈ ಹೆಸರನ್ನು ಬಳಕೆಗೆ ತಂದರು. ನಮ್ಮ ಜಠರ ಮತ್ತು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳನ್ನು ಸೇರಿ, ಅಲ್ಲಿಯ ಉಪಕಾರಿ ಜೀವಿಗಳಿಗೆ ಆಹಾರವಾಗುವ ವಸ್ತುವೇ ಪ್ರಿಬಯೋಟಿಕ್. ಬಹುಪಾಲು ಇವು ಒಂದು ಬಗೆಯ ನಾರು. ಪುಡಿಗಳಲ್ಲಿರುವ 'ಇನ್ಯುಲಿನ್' ಎಂಬ ನಾರನ್ನು ಹೆಚ್ಚಾಗಿ ಚಿಕೋರಿ ಬೇರಿನಿಂದ ತೆಗೆಯುತ್ತಾರೆ. ಇದನ್ನು ಸಕ್ಕರೆ ಕಾಯಿಲೆಯ 'ಇನ್ಸುಲಿನ್' ಎಂದು ತಪ್ಪಾಗಿ ತಿಳಿಯಬಾರದು. ಅದು ಬೇರೆ, ಇದು ಬೇರೆ. 'ಪ್ರೋಬಯೋಟಿಕ್' ಎಂಬುದೂ ಬೇರೆಯೇ. ಅದರಲ್ಲಿ ಜೀವಂತ ಉಪಕಾರಿ ಜೀವಿಗಳೇ ಇರುತ್ತವೆ. ಸರಳವಾಗಿ ಹೇಳುವುದಾದರೆ, ಪ್ರೋಬಯೋಟಿಕ್ ಬೀಜವಿದ್ದಂತೆ, ಪ್ರಿಬಯೋಟಿಕ್ ಗೊಬ್ಬರವಿದ್ದಂತೆ.

ಪುಡಿಯಿಂದ ಯೀಸ್ಟ್ ಹೆಚ್ಚುವುದೇ?

ಬಹುತೇಕ ಸೋಂಕುಗಳಿಗೆ ಕಾರಣವಾದ ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಯೀಸ್ಟಿಗೆ ಗ್ಲೂಕೋಸ್ ಸಕ್ಕರೆಯೇ ಪ್ರಿಯವಾದ ಆಹಾರ. ಇನ್ಯುಲಿನ್‌ನಂಥ ಉದ್ದ ಸರಪಳಿಯ ನಾರು ಅದಕ್ಕೆ ಸುಲಭವಾಗಿ ಒದಗುವುದಿಲ್ಲ. ಉಪಕಾರಿ ಜೀವಿಗಳು ಆ ನಾರನ್ನು ಹುಳಿಯಿಸಿ ಆಮ್ಲಗಳನ್ನುಂಟುಮಾಡುತ್ತವೆ. ಈ ಆಮ್ಲಗಳು ಯೀಸ್ಟಿನ ಬೆಳವಣಿಗೆಗೆ ಅಡ್ಡಿಯಾಗುವುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಆದುದರಿಂದ ಶುದ್ಧ ಪ್ರಿಬಯೋಟಿಕ್ ನಾರು ಯೀಸ್ಟನ್ನು ಸಾಕುತ್ತದೆ ಎಂಬ ಭಯಕ್ಕೆ ಗಟ್ಟಿಯಾದ ಆಧಾರವಿಲ್ಲ.

ಹಾಗಾದರೆ ರೋಗ ವಾಸಿಯಾಗುವುದೇ?

ಪ್ರಯೋಗಾಲಯದ ಗಾಜಿನ ನಳಿಕೆಯಲ್ಲಿ ಕಂಡದ್ದೆಲ್ಲವೂ ಮನುಷ್ಯ ಶರೀರದಲ್ಲಿ ನಡೆಯುವುದಿಲ್ಲ. ನುಂಗಿದ ಪುಡಿ ಕೆಲಸ ಮಾಡುವುದು ದೊಡ್ಡ ಕರುಳಿನಲ್ಲಿ. ಸೋಂಕು ಇರುವುದು ಯೋನಿಮಾರ್ಗದಲ್ಲಿ. ಪ್ರಿಬಯೋಟಿಕ್ ನುಂಗುವುದರಿಂದಲೇ ಯೀಸ್ಟ್ ಸೋಂಕು ವಾಸಿಯಾಗುತ್ತದೆಂದು ಮನುಷ್ಯರ ಮೇಲಿನ ವಿಶ್ವಾಸಾರ್ಹ ಪರೀಕ್ಷೆಗಳಿಂದ ಸಿದ್ಧವಾಗಿಲ್ಲ. ಪ್ರೋಬಯೋಟಿಕ್ ಕುರಿತು 2017ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯೂ, ಔಷಧಿಯೊಂದಿಗೆ ಬಳಸಿದಾಗ ಅಲ್ಪಕಾಲದ ಪ್ರಯೋಜನ ಕಾಣಬಹುದಾದರೂ ಅದಕ್ಕಿರುವ ಆಧಾರ ದುರ್ಬಲವೆಂದೇ ಅಭಿಪ್ರಾಯಪಟ್ಟಿತು.

ಆಯಾಸ, ತಲೆನೋವು, ಮಂಕು ಇವೆಲ್ಲಕ್ಕೂ ಕರುಳಿನ ಯೀಸ್ಟೇ ಕಾರಣವೆಂದು ಹೇಳಿ ಪುಡಿ ಮಾರುವವರೂ ಉಂಟು. 1990ರಲ್ಲಿ ಅಮೆರಿಕದ ವೈದ್ಯರು 42 ಸ್ತ್ರೀಯರಲ್ಲಿ ಇದನ್ನು ಪರೀಕ್ಷಿಸಿದರು. ಯೀಸ್ಟ್ ನಾಶಕ ಔಷಧಿಯಿಂದ ಯೋನಿಯ ತೊಂದರೆಗಳು ತಗ್ಗಿದವು. ಆದರೆ ಆಯಾಸಾದಿ ದೂರುಗಳ ಮಟ್ಟಿಗೆ ಔಷಧಿಗೂ ಔಷಧಿಯಿಲ್ಲದ ಹುಸಿ ಮಾತ್ರೆಗೂ ವ್ಯತ್ಯಾಸ ಕಾಣಲಿಲ್ಲ. ಸದಾ ಆಯಾಸವಿದ್ದರೆ ರಕ್ತಹೀನತೆ, ಥೈರಾಯ್ಡ್ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸುವುದು ಲೇಸು.

ಯಾರಿಗೆ ತೊಂದರೆಯಾದೀತು?

ಪ್ರಿಬಯೋಟಿಕ್ ಒಮ್ಮೆಲೇ ಹೆಚ್ಚು ಸೇವಿಸಿದರೆ ಹೊಟ್ಟೆ ಉಬ್ಬರ, ವಾಯು, ನುಲಿತ, ಸಡಿಲ ಭೇದಿ ಆಗಬಹುದು. ಸೂಕ್ಷ್ಮ ಕರುಳಿನವರಿಗೆ ಇದು ಹೆಚ್ಚು. ರುಚಿಗಾಗಿ ಕೆಲವು ಪುಡಿಗಳಲ್ಲಿ ಸಕ್ಕರೆ ಅಥವಾ ಮಾಲ್ಟೋಡೆಕ್ಸ್‌ಟ್ರಿನ್ ಬೆರೆಸಿರುತ್ತಾರೆ. ಇವು ರಕ್ತದ ಸಕ್ಕರೆಯನ್ನು ಏರಿಸುತ್ತವೆ. ಮಧುಮೇಹಿಗಳಲ್ಲಿ ಏರಿದ ಸಕ್ಕರೆ ಯೀಸ್ಟಿಗೆ ಅನುಕೂಲ. ಹೀಗೆ ಪುಡಿಯ ನಾರು ಮಾಡದ ಕೇಡನ್ನು ಅದರೊಳಗಿನ ಸಕ್ಕರೆ ಮಾಡಬಲ್ಲದು. ಡಬ್ಬಿಯ ಮೇಲಿನ ವಿವರವನ್ನು ಓದದೆ ಕೊಳ್ಳಬಾರದು. ನಮ್ಮದು ಕಬ್ಬಿನ ಸೀಮೆ. ಸಕ್ಕರೆಗಿಂತ ಬೆಲ್ಲ ನಿರಪಾಯವೆಂದು ಮಧುಮೇಹಿಗಳು ನಂಬುವುದುಂಟು. ಆ ನಂಬಿಕೆ ಸರಿಯಲ್ಲ. ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ.

ಮನೆಯ ಆಹಾರವೇ ಸಾಕು

ಉಳ್ಳಾಗಡ್ಡಿ, ಬೆಳ್ಳುಳ್ಳಿ, ಬಾಳೆಹಣ್ಣು ಮತ್ತು ಗೋಧಿಯಲ್ಲಿ ಪ್ರಿಬಯೋಟಿಕ್ ನಾರು ಸಹಜವಾಗಿಯೇ ಇದೆ. ಜೋಳದ ರೊಟ್ಟಿ, ಕಾಳಿನ ಪಲ್ಯ, ಸೊಪ್ಪುಗಳೂ ಕರುಳಿಗೆ ಬೇಕಾದ ನಾರನ್ನು ಒದಗಿಸುತ್ತವೆ. ಮಜ್ಜಿಗೆ, ಮೊಸರು ಒಳ್ಳೆಯ ಆಹಾರ. ಇವು ಆರೋಗ್ಯವನ್ನು ಕಾಪಾಡುತ್ತವೆಯೇ ಹೊರತು ತಗಲಿದ ಸೋಂಕಿಗೆ ಮದ್ದಲ್ಲ. ಮೊಸರು, ಬೆಳ್ಳುಳ್ಳಿ, ನಿಂಬೆರಸ, ಡೆಟಾಲ್ ಇವನ್ನು ಯೋನಿಯೊಳಗೆ ಸರ್ವಥಾ ಹಾಕಕೂಡದು.

ಸರಿಯಾದ ಚಿಕಿತ್ಸೆ

ಯೀಸ್ಟ್ ಸೋಂಕಿಗೆ ಪರಿಣಾಮಕಾರಿ ಔಷಧಿಗಳಿವೆ: ಯೋನಿಯಲ್ಲಿಡುವ ಕ್ಲೋಟ್ರಿಮಾಜೋಲ್ ಮಾತ್ರೆ, ಅಥವಾ ಒಮ್ಮೆ ನುಂಗುವ 150 ಮಿಲಿಗ್ರಾಂ ಫ್ಲುಕೊನಜೋಲ್ ಮಾತ್ರೆ. ಯಾವುದು ಯೋಗ್ಯವೆಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಗರ್ಭಿಣಿಯರು ಫ್ಲುಕೊನಜೋಲ್ ನುಂಗಬಾರದು. ಅವರಿಗೆ ಯೋನಿಯಲ್ಲಿಡುವ ಔಷಧಿಯನ್ನು 7 ದಿನ ಕೊಡುವ ಪದ್ಧತಿಯಿದೆ. ಸೋಂಕು ವರ್ಷದಲ್ಲಿ ಮೂರು ಅಥವಾ ಹೆಚ್ಚು ಸಲ ಮರುಕಳಿಸಿದರೆ ಸ್ರಾವದ ಪರೀಕ್ಷೆ, ರಕ್ತದ ಸಕ್ಕರೆ ಮತ್ತು ಎಚ್‌ಐವಿ ಪರೀಕ್ಷೆ ಅಗತ್ಯ. ಅಂಥವರಿಗೆ ವೈದ್ಯರು ವಾರಕ್ಕೊಮ್ಮೆಯಂತೆ 6 ತಿಂಗಳು ಮಾತ್ರೆ ಕೊಡುವುದುಂಟು.

ಒಂದು ಎಚ್ಚರಿಕೆ: ಯೋನಿಯಲ್ಲಿ ಬಳಸುವ ಎಣ್ಣೆಯಂಶದ ಮುಲಾಮು ಮತ್ತು ಮಾತ್ರೆಗಳು ನಿರೋಧನ್ನು ದುರ್ಬಲಗೊಳಿಸಬಹುದು. ಚಿಕಿತ್ಸೆ ಮುಗಿಯುವವರೆಗೆ ದಂಪತಿಗಳು ಸಮಾಗಮವನ್ನು ಮುಂದೂಡುವುದು ಉಚಿತ.

ಪತಿಯ ಕರ್ತವ್ಯ

ಯೀಸ್ಟ್ ಸೋಂಕನ್ನು ಲೈಂಗಿಕ ರೋಗವೆಂದು ಪರಿಗಣಿಸುವುದಿಲ್ಲ. ಇದು ಬಂದ ಮಾತ್ರಕ್ಕೆ ಪತ್ನಿಯ ಶೀಲವನ್ನು ಶಂಕಿಸುವುದು ಅಜ್ಞಾನ ಮಾತ್ರವಲ್ಲ, ಅನ್ಯಾಯ. ಪತಿಗೆ ತುರಿಕೆ, ಕೆಂಪು ಗುಳ್ಳೆಗಳಿದ್ದರೆ ಅವನೂ ತೋರಿಸಿಕೊಳ್ಳಬೇಕು. ಬೇರೆ ಸೋಂಕು ಕಂಡುಬಂದು ವೈದ್ಯರು ಇಬ್ಬರಿಗೂ ಔಷಧಿ ಹೇಳಿದರೆ ಇಬ್ಬರೂ ತೆಗೆದುಕೊಳ್ಳತಕ್ಕದ್ದು. ಬೀಡಿ ಕಟ್ಟುವ, ಕಬ್ಬು ಕಡಿಯುವ ಸ್ತ್ರೀಯರಿಗೆ ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗುವುದು ಸುಲಭವಲ್ಲ. ಆ ಒಂದು ದಿನಕ್ಕೆ ಅವಕಾಶ ಮಾಡಿಕೊಟ್ಟು ಜೊತೆಗೆ ಹೋಗುವುದು ಪತಿಯ ಕರ್ತವ್ಯ.

ನೆನಪಿನಲ್ಲಿಡಿ

1. ಪ್ರಿಬಯೋಟಿಕ್ ವಿಷವೂ ಅಲ್ಲ, ಯೀಸ್ಟ್ ಸೋಂಕಿಗೆ ಔಷಧಿಯೂ ಅಲ್ಲ.
2. ಬಿಳಿ ಸೆರಗಿನ ಕಾರಣ ತಿಳಿಯದೆ ಪುಡಿ, ಮಾತ್ರೆ ಕೊಳ್ಳಬೇಡಿ.
3. ಹತ್ತಿಯ ಒಳ ಉಡುಪು ಧರಿಸಿ. ಬೆವರಿನಿಂದ ಒದ್ದೆಯಾದ ಬಟ್ಟೆಯನ್ನು ಬೇಗ ಬದಲಿಸಿ. ಹೊರಭಾಗವನ್ನು ಶುದ್ಧ ನೀರಿನಿಂದ ತೊಳೆದರೆ ಸಾಕು.
4. ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡಿ.
5. ಗರ್ಭಿಣಿಯರು ಯಾವುದೇ ಪುಡಿಯನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು.

ತೊಂದರೆ ಕಂಡೊಡನೆ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿರಿ; ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಸರ್ಕಾರಿ ಆಸ್ಪತ್ರೆಗೆ ಹೋಗಿರಿ. ಸಂಕೋಚವನ್ನು ತೊರೆದು ಸಕಾಲದಲ್ಲಿ ಪಡೆದ ಚಿಕಿತ್ಸೆಯೇ ಸುಖೀ ದಾಂಪತ್ಯಕ್ಕೆ ರಕ್ಷೆ.