ಗಾರೆ ಮುಚ್ಚಿದ ಮಿಲಿಮೀಟರ್

ಕಲಬುರಗಿ ಸೀಮೆಯ ಹಾಸುಗಲ್ಲು ಶಹಾಬಾದ್ ಪರ್ಸಿ ಊರು ಬಿಟ್ಟು ಹೊರಟದ್ದು ರೈಲು ಬಂದ ಮೇಲೆ. ಮುಂಬೈ ಕಡೆಯಿಂದ ಬಂದ ಜಿಐಪಿ ರೈಲುಮಾರ್ಗ 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ನಿಜಾಮರ ರೈಲು ವಾಡಿಯನ್ನು ಸಿಕಂದರಾಬಾದಿಗೆ ಕೂಡಿಸಿತು. ಈ ನೆಲದ ಸುಣ್ಣಕಲ್ಲಿಗೆ ಅದಕ್ಕೂ ಮೊದಲು ಬೆಲೆ ಇರಲಿಲ್ಲವೆಂದಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಬಳಿ, ಕನಗನಹಳ್ಳಿ ಸ್ತೂಪದಲ್ಲಿ ಅಶೋಕನನ್ನು ಅವನ ಹೆಸರಿನ ಸಮೇತ ಕಡೆದಿರುವುದು ಸುಣ್ಣಕಲ್ಲಿನ ಫಲಕದ ಮೇಲೆಯೇ. ಆದರೆ ಭೀಮಾ ತೀರದ ಕಲ್ಲು ದೊಡ್ಡ ಪೇಟೆಗಳ ಸರಕಾಗಲು ವ್ಯಾಗನ್ ಬೇಕಾಯಿತು. ನಿಜಾಮರ ಸೀಮೆಯಿಂದ ಬ್ರಿಟಿಷರ ಮುಂಬೈ ಪ್ರಾಂತ್ಯಕ್ಕೆ ಹೋದ ಆ ಸರಕು ಒಂದರ್ಥದಲ್ಲಿ ಗಡಿಯಾಚೆಯ ವ್ಯಾಪಾರವೇ. ಮಹಾರಾಷ್ಟ್ರದ ಹಳೆಯ ಮನೆಗಳ ನೆಲ ಇಂದಿಗೂ ಶಹಾಬಾದಿಯ ಹೆಸರಲ್ಲೇ ಗುರುತಾಗುತ್ತದೆ. ಕಲ್ಲು ಬದಲಾಗಿರಲಿಲ್ಲ, ಸಾಗಣೆ ಬದಲಾಗಿತ್ತು. ಈ ಕಲ್ಲಿನ ವ್ಯಾಪಾರಕ್ಕೆ ಬಲ ತಂದ ಮೊದಲ ಹೊಸತನ ಗಣಿಯ ಒಳಗಿನದಲ್ಲ, ಗಣಿಯ ಆಚೆಗಿನದು. ವಿದೇಶಿ ಮಾರುಕಟ್ಟೆಯ ಪ್ರಶ್ನೆ ಬಂದಾಗಲೂ ಉತ್ತರ ಹುಡುಕಬೇಕಾದ್ದು ಅಲ್ಲೇ ಎಂಬುದು ನನ್ನ ವಾದ.

ಈ ಕಲ್ಲು ನೆಲದೊಳಗೆ ಪದರು ಪದರಾಗಿ ಮಲಗಿದೆ. ಪದರಿನ ಸಂದಿಗೆ ಉಳಿ ಇಟ್ಟು ಸುತ್ತಿಗೆ ಬಡಿದರೆ ಹಲಗೆಯಂತೆ ಏಳುತ್ತದೆ. ಇದೇ ಅದರ ವರ, ಇದೇ ಅದರ ತೊಡಕು. ಹಾಗೆ ಎದ್ದ ಕಲ್ಲಿನ ಒಂದು ಮೂಲೆ 25 ಮಿಲಿಮೀಟರ್ ಇದ್ದರೆ ಇನ್ನೊಂದು 30 ಇರಬಹುದು. ನಮ್ಮಲ್ಲಿ ಇದು ಯಾರಿಗೂ ಅಡ್ಡಿಯಲ್ಲ. ಗೌಂಡಿ ದಪ್ಪ ಗಾರೆ ಹಾಸುತ್ತಾನೆ, ದಪ್ಪ ಮೂಲೆಯನ್ನು ತಟ್ಟಿ ಕೂರಿಸುತ್ತಾನೆ, ಮೇಲ್ಮೈ ಸಮನಾಗುತ್ತದೆ. ಗಣಿಯಲ್ಲಿ ಮಾಡದೆ ಬಿಟ್ಟ ಕೆಲಸವನ್ನು ಮನೆ ಕಟ್ಟುವಲ್ಲಿ ಗಾರೆ ಮುಚ್ಚುತ್ತದೆ. ಕೂಲಿ ದುಬಾರಿಯಾದ ದೇಶಗಳಲ್ಲಿ ಹೀಗೆ ತಟ್ಟಿ ಕೂರಿಸುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ತೆಳುವಾದ ಅಂಟು ಬಳಿದು ಕಲ್ಲು ಒತ್ತುತ್ತಾರೆ; ದಪ್ಪ ಒಂದೇ ಸಮ ಇರಲೇಬೇಕು. ರಾಜಸ್ಥಾನದ ಮರಳುಗಲ್ಲು ಬ್ರಿಟನ್ನಿನ ಅಂಗಳಗಳಲ್ಲಿ ನೆಲೆ ಕಂಡಿರುವುದು ಬರೀ ಬಣ್ಣದಿಂದಲ್ಲ. ಹಿಂಬದಿ ಕೊರೆದು 22 ಮಿಲಿಮೀಟರಿಗೆ ತಂದು ಕಳಿಸುವ ಪದ್ಧತಿ ಅಲ್ಲಿ ಬೇರೂರಿದೆ. ಯುರೋಪಿಗೆ ಹೊರಾಂಗಣ ಹಾಸುಗಲ್ಲು ಕಳಿಸುವವರಿಗೆ ಇಎನ್ 1341 ಎಂಬ ಮಾನದಂಡವೂ ಇದೆ: ಬಾಗಿಸಿದರೆ ಎಷ್ಟಕ್ಕೆ ಮುರಿಯುತ್ತದೆ, ಎಷ್ಟು ನೀರು ಹೀರುತ್ತದೆ, ಹಿಮಗಟ್ಟಿ ಕರಗಿದರೆ ತಾಳುತ್ತದೆಯೇ ಎಂದೆಲ್ಲ ಪರೀಕ್ಷಿಸಿ ಹೇಳಬೇಕು. ಪದರುಗಲ್ಲಿಗೆ ಕೊನೆಯದು ಸಣ್ಣ ಪ್ರಶ್ನೆಯಲ್ಲ. ಸಂದಿಗಿಳಿದ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಪದರೇ ಬಿಟ್ಟುಕೊಳ್ಳುತ್ತದೆ. ಯಾವ ಗಣಿಯ, ಎಷ್ಟನೇ ಪದರಿನ ಕಲ್ಲು ತಾಳುತ್ತದೆ ಎಂದು ಪರೀಕ್ಷಿಸಿ ಬರೆದಿಟ್ಟುಕೊಳ್ಳುವುದೂ ಹೊಸತನವೇ, ಅದಕ್ಕೆ ಹೊಳಪಿನ ಯಂತ್ರ ಬೇಕಿಲ್ಲ.

ಒಳನಾಡಿನ ಮಾರುಕಟ್ಟೆ ಇರುವಾಗ ಈ ಉಸಾಬರಿ ಏಕೆ ಎನ್ನುವವರು ಗುಜರಾತಿನ ಮೋರ್ಬಿಯತ್ತ ನೋಡಬೇಕು. ಒಂದು ಕಾಲದಲ್ಲಿ ಹೆಂಚು, ಗೋಡೆ ಗಡಿಯಾರಗಳಿಗೆ ಹೆಸರಾಗಿದ್ದ ಊರದು. ಇಂದು ದೇಶದ ಸೆರಾಮಿಕ್ ಟೈಲ್ಸ್‌ನಲ್ಲಿ ಬಹುಪಾಲು ಅಲ್ಲಿಯದು, ಹಲವಾರು ದೇಶಗಳಿಗೆ ರಫ್ತೂ ಆಗುತ್ತದೆ. ಡಿಜಿಟಲ್ ಮುದ್ರಣ ಬಂದ ಮೇಲೆ ಟೈಲ್ಸ್ ಮೇಲೆ ಕಲ್ಲಿನ ಚಿತ್ರ ಅಚ್ಚಾಗುತ್ತಿದೆ. ನಿಜವಾದ ಕಲ್ಲು ಇರುವವರು ಹಿಂದುಳಿದು, ಕಲ್ಲಿನ ಚಿತ್ರ ಮಾರುವವರು ಮುಂದೆ ಹೋದರು! ವಿದೇಶಕ್ಕಾಗಿ ಕಲಿತ ಶಿಸ್ತು ಒಳನಾಡಿನ ಗಿರಾಕಿಯನ್ನೂ ಗೆಲ್ಲುತ್ತದೆ. ಕಲಿಯದವರು ಇದ್ದ ಗಿರಾಕಿಯನ್ನೂ ಕಳೆದುಕೊಳ್ಳುತ್ತಾರೆ.

ಹೊಸತನವೊಂದೇ ಸಾಕೆಂದೂ ಹೇಳಲಾಗದು. ಇದೇ ಸೀಮೆಯ ತೊಗರಿಯನ್ನು ನೋಡಿ. ಸೇಡಂ, ಚಿಂಚೋಳಿಯ ತೊಗರಿಯನ್ನೂ ಒಳಗೊಂಡ ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆದರೆ ಅದಕ್ಕೂ ಮೊದಲು, 2006ರಿಂದ 2017ರವರೆಗೆ, ತೊಗರಿ ರಫ್ತಿನ ಬಾಗಿಲನ್ನು ಸರ್ಕಾರವೇ ಮುಚ್ಚಿತ್ತು. ಬೆಳೆಗಾರ ಎಷ್ಟು ಜಾಣನಾದರೂ ಏನು ಮಾಡಿಯಾನು? ಕಲ್ಲಿಗೆ ಅಂಥ ಅಡ್ಡಿಯಿಲ್ಲ, ಅದರ ಮುಖ್ಯ ತೊಡಕು ದೂರ. ಬಂದರು ಹತ್ತಿರವಿಲ್ಲ, ಭಾರಕ್ಕೆ ಬಾಡಿಗೆ ತೆರಬೇಕು ಎಂಬ ಆಕ್ಷೇಪ ಗಟ್ಟಿಯಾದದ್ದೇ. ಲೆಕ್ಕ ಮಾತ್ರ ಬೇರೆಯದನ್ನೂ ಹೇಳುತ್ತದೆ. 27 ಟನ್ ಹೊರುವ ಕಂಟೇನರಿನಲ್ಲಿ 30 ಮಿಲಿಮೀಟರ್ ದಪ್ಪದ ಕಲ್ಲು ಸುಮಾರು 340 ಚದರ ಮೀಟರ್ ಹಿಡಿದರೆ, 20 ಮಿಲಿಮೀಟರಿನದು 500 ಚದರ ಮೀಟರ್ ದಾಟುತ್ತದೆ. ದೂರ ಹೆಚ್ಚಿದಷ್ಟೂ ತೆಳುಗಲ್ಲಿನ ಲಾಭ ಹೆಚ್ಚುತ್ತದೆ.

ಸಣ್ಣ ಗಣಿಯವನಿಗೆ ಕಲ್ಲನ್ನು ಒಂದೇ ದಪ್ಪಕ್ಕೆ ಕೊರೆಯುವ ಯಂತ್ರ ಕೊಳ್ಳುವ ಶಕ್ತಿ ಇಲ್ಲ ಎಂಬುದು ನಿಜ. ಒಬ್ಬೊಬ್ಬರೂ ಕೊಳ್ಳಬೇಕಿಲ್ಲ: ಶಹಾಬಾದಿನಲ್ಲೋ ವಾಡಿಯಲ್ಲೋ ಹತ್ತಾರು ಗಣಿಗಳಿಗೆ ಒಂದು ಕೊರೆತದ ಅಂಗಳ, ಒಂದು ಪರೀಕ್ಷಾ ಕೊಠಡಿ ಸಾಕು. ಉಳಿ ಹಿಡಿದವರ ಕೂಲಿ ಹೋಗುತ್ತದೆ ಎಂಬ ಭಯವೂ ಅರ್ಧ ನಿಜ. ಪದರು ಬಿಡಿಸುವ ಕೈಗೆ ಪರ್ಯಾಯವಿಲ್ಲ, ಅಂಚು ಕೆತ್ತುವ ಕೆಲಸ ಮಾತ್ರ ಕಡಿಮೆಯಾದೀತು. ಆ ಜನರನ್ನೇ ಮೊದಲು ಯಂತ್ರಕ್ಕೆ ತರಬೇತು ಮಾಡುವ ಷರತ್ತು ಹಾಕದೆ ಇಂಥ ಅಂಗಳಕ್ಕೆ ಸರ್ಕಾರದ ಹಣ ಕೊಡಬಾರದು. ಇನ್ನು ಕೊರೆದಾಗ ಉಳಿಯುವ ಕೆಸರು. ಅದು ಸುಣ್ಣಕಲ್ಲಿನ ಪುಡಿಯೇ, ಅಂದರೆ ಸಿಮೆಂಟಿನ ಮೂಲವಸ್ತು. ವಾಡಿಯಿಂದ ಸೇಡಂವರೆಗೆ ಗೂಡುಗಳು ಉರಿಯುತ್ತಲೇ ಇವೆ. ಗುಣ ಪರೀಕ್ಷಿಸಿ, ಒಣಗಿಸಿ ಅಲ್ಲಿಗೆ ಸಾಗಿಸುವ ಒಪ್ಪಂದವನ್ನು ಯಂತ್ರ ಬರುವ ಮೊದಲೇ ಮಾಡಿಕೊಳ್ಳಬೇಕು, ಹಳ್ಳಕ್ಕೆ ಬಿಟ್ಟ ಮೇಲಲ್ಲ.