ಎಲೆಯು ಹುಳುವನ್ನು ತಿಂದೀತೆ?

ಶಿಡ್ಲಘಟ್ಟದ ಸೀಮೆಯ ಮಕ್ಕಳಿಗೆ ರೇಷ್ಮೆಹುಳುವಿನ ವಿಚಾರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ಹುಳುವನ್ನು ಕುರಿತು ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಬರೆಯಬೇಕಾಗಿ ಬಂದಾಗ ಜಾಣರ ಲೇಖನಿಯೂ ತಡವರಿಸುವುದುಂಟು. ತಪ್ಪು ಅವರ ಬುದ್ಧಿಯದಲ್ಲ. ಎರಡು ಭಾಷೆಗಳ ಕಟ್ಟಡವೇ ಬೇರೆ.

‘ಹುಳುವು ಎಲೆಯನ್ನು ತಿನ್ನುತ್ತದೆ’ ಎಂದರೂ ‘ಎಲೆಯನ್ನು ಹುಳುವು ತಿನ್ನುತ್ತದೆ’ ಎಂದರೂ ಕನ್ನಡದಲ್ಲಿ ತಿನ್ನುವುದು ಹುಳುವೇ. ‘ಅನ್ನು’ ಎಂಬ ದ್ವಿತೀಯಾ ವಿಭಕ್ತಿಯ ಪ್ರತ್ಯಯವು ಎಲೆಗೆ ಅಂಟಿಕೊಂಡಿರುವುದರಿಂದ ಪದಗಳು ಎಲ್ಲಿ ಕುಳಿತರೂ ಅರ್ಥ ಕೆಡದು. ಇಂಗ್ಲಿಷಿನ ‘ದಿ ವರ್ಮ್ ಈಟ್ಸ್ ದಿ ಲೀಫ್’ ಎಂಬುದನ್ನು ತಿರುಗಿಸಿ ‘ದಿ ಲೀಫ್ ಈಟ್ಸ್ ದಿ ವರ್ಮ್’ ಎಂದು ಬರೆದರೋ, ಎಲೆಯೇ ಹುಳುವನ್ನು ನುಂಗಿಬಿಡುತ್ತದೆ! ಸಾವಿರ ವರ್ಷಗಳ ಹಿಂದೆ ಇಂಗ್ಲಿಷಿಗೂ ವಿಭಕ್ತಿ ಪ್ರತ್ಯಯಗಳು ಧಾರಾಳವಾಗಿದ್ದವು. ಕಾಲಕ್ರಮದಲ್ಲಿ ಅವು ಸವೆದುಹೋದವು. ‘ಹಿ’, ‘ಹಿಮ್’ ಮುಂತಾದ ಸರ್ವನಾಮಗಳಲ್ಲಿ ಅವುಗಳ ಕುರುಹನ್ನು ಇಂದಿಗೂ ಕಾಣಬಹುದು. ಪ್ರತ್ಯಯವು ಮಾಡುತ್ತಿದ್ದ ಕೆಲಸವನ್ನು ಪದದ ಸ್ಥಾನವು ವಹಿಸಿಕೊಂಡಿತು. ಕರ್ತೃ ಮೊದಲು, ಕ್ರಿಯಾಪದ ನಡುವೆ, ಕರ್ಮ ಅನಂತರ. ಇದು ಸಾಮಾನ್ಯ ಹೇಳಿಕೆಯ ಕ್ರಮ.

ಈಗ ‘ಈಟ್ಸ್’ ಎಂಬುದರ ತುದಿಯ ‘ಸ್’ಕಾರ. ಕನ್ನಡದಲ್ಲಿ ‘ಹುಳುಗಳು ತಿನ್ನುತ್ತವೆ’ ಎಂದಾಗ ಎರಡು ಪದಗಳೂ ಬಹುವಚನದ ಗುರುತನ್ನು ಧರಿಸುತ್ತವೆ. ಆ ಅಭ್ಯಾಸದಿಂದ ವಿದ್ಯಾರ್ಥಿಯು ‘ವರ್ಮ್ಸ್ ಈಟ್ಸ್’ ಎಂದು ಬರೆಯುತ್ತಾನೆ. ಇಂಗ್ಲಿಷಿನಲ್ಲಿ ನಾಮಪದದ ‘ಸ್’ ಬಹುವಚನದ್ದು, ವರ್ತಮಾನಕಾಲದ ಕ್ರಿಯಾಪದದ ‘ಸ್’ ಏಕವಚನದ್ದು. ವಿಚಿತ್ರವೆನಿಸಿದರೂ ಒಪ್ಪಿಕೊಳ್ಳಲೇಬೇಕು: ‘ವರ್ಮ್ಸ್ ಈಟ್’.

ಇನ್ನು ಲೇಖನಚಿಹ್ನೆಗಳು. ನಮ್ಮ ಹಳಗನ್ನಡ ಶಿಲಾಶಾಸನಗಳಲ್ಲಿ ಇಂದಿನ ಅಲ್ಪವಿರಾಮ, ಪೂರ್ಣವಿರಾಮಗಳಿಲ್ಲ. ಪದಗಳ ನಡುವೆ ತೆರಪೂ ಇರುವುದಿಲ್ಲ. ಕೊನೆಯಲ್ಲಿ ಬಂದು ನಿಲ್ಲುವ ಕ್ರಿಯಾಪದವೇ ವಾಕ್ಯ ಮುಗಿಯಿತೆಂಬುದನ್ನು ಬಹುಮಟ್ಟಿಗೆ ಸಾರುತ್ತದೆ. ‘ಹುಳುವು ಎಲೆ ತಿಂದು, ಹಣ್ಣಾಗಿ, ಚಂದ್ರಿಕೆಯನ್ನೇರಿ ಗೂಡು ಕಟ್ಟುತ್ತದೆ’ ಎಂಬಲ್ಲಿ ಪೂರ್ಣ ಕ್ರಿಯಾಪದ ಒಂದೇ. ಉಳಿದವು ಅದಕ್ಕೆ ತಲೆಬಾಗಿದ ಕೃದಂತಗಳು. ಇದೇ ಓಟದಲ್ಲಿ ಬಾಲಕನು ‘ದಿ ವರ್ಮ್ ಈಟ್ಸ್, ಇಟ್ ಗ್ರೋಸ್, ಇಟ್ ಸ್ಪಿನ್ಸ್ ಎ ಕಕೂನ್’ ಎಂದು ಬರೆದರೆ ಪರೀಕ್ಷಕರು ಕೆಂಪು ಗೆರೆ ಎಳೆಯುತ್ತಾರೆ. ಅಲ್ಲಿರುವುದು ಒಂದು ವಾಕ್ಯವಲ್ಲ, ಮೂರು. ಮೂರಕ್ಕೂ ತಮ್ಮದೇ ಕರ್ತೃ, ತಮ್ಮದೇ ಕ್ರಿಯಾಪದ ಇವೆ. ಇವುಗಳನ್ನು ಹಿಡಿದು ನಿಲ್ಲಿಸುವ ಬಲ ಅಲ್ಪವಿರಾಮಕ್ಕೆ ಸಾಲದು. ಒಂದೊಂದರ ಕೊನೆಗೂ ಪೂರ್ಣವಿರಾಮವನ್ನಿಡಬೇಕು. ಇಲ್ಲವೇ ಕರ್ತೃವನ್ನು ಒಮ್ಮೆ ಮಾತ್ರ ಹೇಳಿ, ಕೊನೆಯ ಕ್ರಿಯಾಪದದ ಹಿಂದೆ ‘ಅಂಡ್’ ಸೇರಿಸಬೇಕು: ‘ದಿ ವರ್ಮ್ ಈಟ್ಸ್, ಗ್ರೋಸ್ ಅಂಡ್ ಸ್ಪಿನ್ಸ್ ಎ ಕಕೂನ್’.

ಉತ್ತರಪತ್ರಿಕೆಯನ್ನು ಒಪ್ಪಿಸುವ ಮೊದಲು ಐದು ನಿಮಿಷ ಉಳಿದಿದ್ದರೆ, ಹೊಸ ವಿಷಯವನ್ನು ಬರೆಯಹೋಗದೆ, ಒಂದೊಂದು ಅಲ್ಪವಿರಾಮದ ಬಳಿಯೂ ಬೆರಳಿಟ್ಟು ನೋಡಬೇಕು. ಅದರ ಎಡಕ್ಕೊಂದು, ಬಲಕ್ಕೊಂದು ಪೂರ್ಣ ವಾಕ್ಯವಿದ್ದು, ನಡುವೆ ‘ಅಂಡ್’, ‘ಬಟ್’ ಮೊದಲಾದ ಯಾವ ಜೋಡಣೆಯ ಪದವೂ ಇಲ್ಲದಿದ್ದರೆ, ಆ ಅಲ್ಪವಿರಾಮವನ್ನು ಪೂರ್ಣವಿರಾಮವಾಗಿ ತಿದ್ದಿ, ಮುಂದಿನ ಪದವನ್ನು ದೊಡ್ಡಕ್ಷರದಿಂದ ಆರಂಭಿಸಬೇಕು.